ದೊಡ್ಡಪ್ಪ ಎತ್ಕೋತಾರೆ

ಮಾರ್ಚ್ ೩, ಸೋಮವಾರ

ಈ ಡೈರಿ ದೊಡ್ಡಪ್ಪ ಕೊಟ್ಟದ್ದು. ಹೊಸ ವರ್ಷಕ್ಕೆ ಯಾರೋ ಹಂಚಿದ ಎರಡು ಡೈರಿ ಅವರಿಗೆ ಬಂದಿದ್ದವಂತೆ, ಒಂದನ್ನು ನನಗೆ ದಾಟಿಸಿದರು. ಇಷ್ಟು ದಿನ ಅದು ನನ್ನ ಮೇಜಿನ ಮೇಲೆ ಕಾಫಿ ಲೋಟದ ಅಡಿಯಲ್ಲಿ ಬಿದ್ದಿತ್ತು. ಇವತ್ತು ಅವರೇ ಬಂದು ಲೋಟ ಪಕ್ಕಕ್ಕಿಟ್ಟು, ರಟ್ಟಿನ ಮೇಲಿನ ಗುಂಡು ಕಲೆಯನ್ನು ಕರ್ಚೀಫಿನಿಂದ ಒರೆಸಿ, "ತಲೇಲಿ ಇರೋದನ್ನೆಲ್ಲ ಇದಕ್ಕೆ ಸುರಿದು ಮಲಗು ತಾಯಿ. ಇಲ್ದಿದ್ರೆ ನಮ್ಮ ಸರ್ವರ್ ಥರ ನೀನೂ ಒಂದಿನ ತುಂಬ್ಕೊಂಡು ನಿಂತ್ಬಿಡ್ತೀಯ" ಅಂದರು.

ಇಡೀ ಆಫೀಸಿಗೆ ಅವರು ದೊಡ್ಡಪ್ಪ. ವಯಸ್ಸು ನಲವತ್ತೈದು ದಾಟಿಲ್ಲ. ಆದರೆ ಎಸಿಗೆ ಹೆದರಿ ಹಾಕುವ ಸ್ವೆಟರು, ಮನೆಯಿಂದ ತರುವ ಫ್ಲಾಸ್ಕು, ಕನ್ನಡಕಕ್ಕೆ ಕಟ್ಟಿದ ದಾರ ಎಲ್ಲವೂ ಅರವತ್ತು ದಾಟಿದವರದ್ದು. ಆ ಹೆಸರಿಟ್ಟವಳು ನಾನೇ. ಅವರು ಬೇಜಾರು ಮಾಡಿಕೊಳ್ಳದೆ ನನ್ನನ್ನು "ತಾಯಿ" ಅಂತ ಕರೆಯತೊಡಗಿದರು, ಲೆಕ್ಕ ಚುಕ್ತಾ. ತಂಡದ ಲೀಡ್ ಹುದ್ದೆ ಅವರಿಗೆ ಬರಬೇಕಿತ್ತು, ನನಗೆ ಬಂತು. ಅದರ ಬಗ್ಗೆ ಅವರು ಇವತ್ತಿನವರೆಗೂ ತುಟಿ ಪಿಟಕ್ ಅಂದಿಲ್ಲ.

ಡೈರಿ ಒರೆಸಿಕೊಟ್ಟ ಮೇಲೂ ಇನ್ನೇನೋ ಹೇಳುವವರ ಹಾಗೆ ನಿಂತಿದ್ದರು. ನನಗೆ ಮೀಟಿಂಗ್ ಇತ್ತು, ಎದ್ದು ಓಡಿದೆ. ಈಗ ಬರೆಯುವಾಗ ಅದು ನೆನಪಾಗುತ್ತಿದೆ, ಒಂದು ನಿಮಿಷ ನಿಂತು ಕೇಳಬಹುದಿತ್ತು.

ಮಾರ್ಚ್ ೯, ಭಾನುವಾರ

ಬಟ್ಟೆ ಹಿಂಡುತ್ತಿದ್ದಾಗ ಫೋನ್ ಕಿರುಚಿತು. ಆಫೀಸಿನ ಅಲರ್ಟಿಗೆ ಬೇರೆಯೇ ಸದ್ದು ಇಟ್ಟಿದ್ದೇವೆ, ಆಂಬುಲೆನ್ಸಿಗೂ ಹುಂಜಕ್ಕೂ ಹುಟ್ಟಿದ ಹಾಗೆ. ಅತ್ತೆಗೆ ಅದು ನನ್ನ ಕೂಸು. "ಕೂಸು ಅಳ್ತಿದೆ ನೋಡೇ" ಅಂತ ಹಜಾರದಿಂದ ಕೂಗಿದರು.

"ಅಳ್ಲಿ ಬಿಡಿ ಅತ್ತೆ, ದೊಡ್ಡಪ್ಪ ಎತ್ಕೋತಾರೆ."

"ನಿನ್ನ ಕೂಸನ್ನ ಅವರ್ಯಾಕೆ ಎತ್ಕೋಬೇಕು?"

ಕೈ ಒರೆಸಿಕೊಂಡು ವಿವರಿಸಿದೆ. ಲ್ಯಾಬುಗಳಿಂದ ಆಸ್ಪತ್ರೆಗಳಿಗೆ ರಕ್ತಪರೀಕ್ಷೆ ರಿಪೋರ್ಟು ಸಾಗಿಸುವ ಸಾಫ್ಟ್‌ವೇರ್ ನಮ್ಮದು. ಅದು ಎಲ್ಲಾದರೂ ಮುಗ್ಗರಿಸಿದರೆ ತಾನೇ ನಮಗೆ ಫೋನ್ ಮಾಡುತ್ತದೆ. ಮೊದಲು ಆ ವಾರದ ಪ್ರೈಮರಿಗೆ, ಈ ವಾರ ಅದು ನಾನು. ಅವರು ಐದು ನಿಮಿಷದಲ್ಲಿ ಎತ್ತದಿದ್ದರೆ ಸೆಕೆಂಡರಿಗೆ. ಪ್ರೈಮರಿ ವಾರ ವಾರ ಬದಲಾಗುತ್ತಾರೆ. ಸೆಕೆಂಡರಿಯೂ ಬದಲಾಗಬೇಕು. ಇಬ್ಬರು ಕೆಲಸ ಬಿಟ್ಟ ಮೇಲೆ ದೊಡ್ಡಪ್ಪ "ಸದ್ಯಕ್ಕೆ ನನ್ನ ಹೆಸರು ಹಾಕಿರು" ಅಂದರು. ಆ ಸದ್ಯ ಕಳೆದ ಮಳೆಗಾಲದಿಂದ ನಡೆಯುತ್ತಿದೆ.

ಅತ್ತೆ ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ಆ ಮನುಷ್ಯ ನೆಮ್ಮದಿಯಾಗಿ ಊಟ ಮಾಡೋದು ಯಾವಾಗ?" ಅಂದರು.

ಅತ್ತೆಗೆ ಎಲ್ಲವೂ ಊಟದಲ್ಲೇ ಬಂದು ನಿಲ್ಲುತ್ತದೆ. ನಗು ಬಂತು. ಅಷ್ಟರಲ್ಲಿ ಫೋನೂ ಸುಮ್ಮನಾಗಿತ್ತು, ದೊಡ್ಡಪ್ಪ ಎತ್ತಿಕೊಂಡಿದ್ದರು.

ಮಾರ್ಚ್ ೧೪, ಶುಕ್ರವಾರ

ಊಟದ ಹೊತ್ತಿನಲ್ಲಿ ದೊಡ್ಡಪ್ಪ ನನ್ನ ಎದುರು ಬಂದು ಕುಳಿತರು. ಡಬ್ಬಿ ತೆರೆಯಲಿಲ್ಲ.

"ಕಿವಿ ಡಾಕ್ಟ್ರ ಹತ್ರ ಹೋಗಿದ್ದೆ ತಾಯಿ. ಕಿವಿಗೇನೂ ಆಗಿಲ್ವಂತೆ, ಚೆನ್ನಾಗಿ ಕೇಳ್ಸುತ್ತಂತೆ. ಅದೇ ನೋಡು ತೊಂದ್ರೆ, ಬೇಕಾದ್ದಕ್ಕಿಂತ ಜಾಸ್ತಿ ಕೇಳ್ಸುತ್ತೆ."

ಅಲರ್ಟಿನ ಆ ಸದ್ದು ಅವರಿಗೆ ಎಲ್ಲದರಲ್ಲೂ ಕೇಳಿಸುತ್ತದಂತೆ. ನಲ್ಲಿ ಬಿಟ್ಟರೆ ಅದೇ, ಫ್ಯಾನ್ ತಿರುಗಿದರೆ ಅದೇ. ಎದ್ದು ಹೋಗಿ ಫೋನ್ ನೋಡಿದರೆ ಏನೂ ಇರುವುದಿಲ್ಲವಂತೆ. ಹೆಂಡತಿ ಮೊದಮೊದಲು ನಗುತ್ತಿದ್ದರು, ಈಗ ನಗುವುದಿಲ್ಲವಂತೆ.

"ಒಂದು ತಿಂಗಳು ನನ್ನ ಹೆಸರು ತೆಗೀತೀಯಾ?"

ತೆಗೆದರೆ ಯಾರನ್ನು ಹಾಕಲಿ? ಉಳಿದವರೆಲ್ಲ ಹೊಸಬರು, ಇನ್ನು ನಾನು. ನನಗೆ ಪ್ರೈಮರಿ ಪಾಳಿಯೇ ಕುತ್ತಿಗೆಗೆ ಬಂದಿದೆ. "ಈ ತಿಂಗಳು ಹೆಂಗೋ ಕಳೀಲಿ ದೊಡ್ಡಪ್ಪ, ಆಮೇಲೆ ನೋಡೋಣ. ಕಿವಿಗೆ ಹತ್ತಿ ಇಟ್ಕೊಳ್ಳಿ" ಅಂದೆ.

"ಹತ್ತಿ ಇಟ್ರೆ ಇನ್ನೂ ಜೋರಾಗಿ ಕೇಳ್ಸುತ್ತೆ" ಅಂತ ನಕ್ಕರು. ಡಬ್ಬಿ ತೆರೆಯದೆಯೇ ಎದ್ದು ಹೋದರು.

ಹತ್ತಿಯ ಮಾತು ಬೇಡವಾಗಿತ್ತು.

ಮಾರ್ಚ್ ೨೧, ಶುಕ್ರವಾರ

ಬರುವ ಭಾನುವಾರ ನಾದಿನಿ ಬರುತ್ತಿದ್ದಾಳೆ. ಅವಳು ಮನೆಗೆ ಬಂದು ಒಂದೂವರೆ ವರ್ಷವಾಯಿತು, ಅತ್ತೆಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ಈ ವಾರದ ಪ್ರೈಮರಿ ಮತ್ತೆ ನಾನು. ದೊಡ್ಡಪ್ಪನ ಮುಂದೆ ಹಾಗೇ ಮಾತಿಗೆ ಹೇಳಿದೆ.

"ಊಟಕ್ಕೆ ಕೂತಾಗ ಫೋನ್ ಪಕ್ಕದಲ್ಲೇ ಇಟ್ಕೋ ತಾಯಿ" ಅಂದರು.

"ಆಯ್ತು ದೊಡ್ಡಪ್ಪನೋರೆ" ಅಂತ ಕೈಮುಗಿದೆ.

ಮಾರ್ಚ್ ೨೩, ಭಾನುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಊಟ ಬಡಿಸಿ ಆಗಿತ್ತು. ನಾದಿನಿ ತನ್ನ ಮನೆಮಾಲೀಕನ ನಕಲು ಮಾಡಿ ತೋರಿಸುತ್ತಿದ್ದಳು, ಇವರು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡಿದ್ದರು. ಫೋನ್ ಅಡುಗೆಮನೆ ಕಟ್ಟೆಯ ಮೇಲಿತ್ತು. ಕಿರುಚಿತು. ಎದ್ದು ಹೋಗಿ ನೋಡಿದೆ. ರಿಪೋರ್ಟುಗಳು ನಿಧಾನವಾಗಿ ಹೋಗುತ್ತಿವೆ ಅನ್ನುವ ಎಚ್ಚರಿಕೆ. ದಿನಕ್ಕೆ ಎಷ್ಟೋ ಸಲ ಬರುತ್ತದೆ, ತಾನೇ ಸರಿಹೋಗುತ್ತದೆ. ಫೋನಿನ ಸದ್ದು ಅಡಗಿಸಿ, ಬೋರಲು ಹಾಕಿ ಬಂದು ಕುಳಿತೆ.

"ಕೂಸು?" ಅಂದರು ಅತ್ತೆ.

"ದೊಡ್ಡಪ್ಪ ಎತ್ಕೋತಾರೆ" ಅಂದೆ.

ದೊಡ್ಡಪ್ಪ ಎತ್ತಿಕೊಳ್ಳಲಿಲ್ಲ.

ಪಾತ್ರೆ ತೊಳೆದು, ನಾದಿನಿಯ ಸೂಟ್‌ಕೇಸ್ ಬಿಚ್ಚಿಸಿ, ಅವಳು ತಂದ ಸೀರೆ ನೋಡಿ ಆದ ಮೇಲೆ ಫೋನ್ ಕೈಗೆತ್ತಿಕೊಂಡರೆ ಮ್ಯಾನೇಜರದ್ದೇ ಸಾಲು ಸಾಲು ಕರೆ. ರಿಪೋರ್ಟುಗಳು ನಿಧಾನವಾಗಿದ್ದವು, ಆಮೇಲೆ ಪೂರ್ತಿ ನಿಂತಿದ್ದವು. ಒಂದು ಆಸ್ಪತ್ರೆಯಲ್ಲಿ ಒಬ್ಬರನ್ನು ಆಪರೇಷನ್ನಿಗೆ ಸಿದ್ಧಮಾಡಿ, ರಿಪೋರ್ಟು ಬಾರದೆ ವಾಪಸ್ ವಾರ್ಡಿಗೆ ಕಳಿಸಿದ್ದರಂತೆ. ಸದ್ಯ, ಜೀವಕ್ಕೇನೂ ಆಗಲಿಲ್ಲ. ಲ್ಯಾಬಿನ ಮೇಲ್ವಿಚಾರಕಿ ಫೋನಿನಲ್ಲಿ ನನಗೆ ಚೆನ್ನಾಗಿ ಇಳಿಸಿದರು. "ನಮ್ಮೋರು ರಕ್ತ ತೆಗೆದು, ಪರೀಕ್ಷೆ ಮಾಡಿ, ಎಲ್ಲ ಹೊತ್ತಿಗೆ ಸರಿಯಾಗಿ ಮುಗಿಸಿದ್ರು ರೀ. ನೀವು ಬರೀ ದಾಟಿಸ್ಬೇಕಿತ್ತು. ಅಷ್ಟೂ ಆಗ್ಲಿಲ್ವಾ?"

ಸರಿಪಡಿಸಲು ಹಿಡಿದದ್ದು ಹತ್ತೇ ನಿಮಿಷ. ಫೋನ್ ಕೂಗಿದಾಗಲೇ ಸರಿಪಡಿಸಲು ಕೂತಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ದೊಡ್ಡಪ್ಪ ಯಾಕೆ ಎತ್ತಲಿಲ್ಲ? ಅವರೇಕೆ ಹೀಗೆ ಮಾಡಿದರು?

ಮಾರ್ಚ್ ೨೪, ಸೋಮವಾರ

ನಿನ್ನೆಯ ಕೊನೆಯ ಸಾಲನ್ನು ಓದಿಕೊಂಡೆ. ಹೊಡೆದುಹಾಕಬೇಕು ಅನ್ನಿಸಿತು, ಹಾಕಲಿಲ್ಲ.

ಮಾರ್ಚ್ ೨೬, ಬುಧವಾರ

ಇಂಥದ್ದೇನಾದರೂ ಆದಾಗ ಎಲ್ಲರೂ ಕೂತು ವಿಚಾರ ಮಾಡುವ ಪದ್ಧತಿ ನಮ್ಮಲ್ಲಿದೆ. ಅದಕ್ಕೊಂದು ನಿಯಮ: ಹೇಗಾಯಿತು ಅಂತ ಕೇಳಬೇಕು, ಯಾರಿಂದ ಆಯಿತು ಅಂತ ಕೇಳಬಾರದು. ಹೆಸರು ಬರೆಯಬಾರದು. ಲೀಡ್ ಆದ ವಾರ ನಾನೇ ಇದನ್ನು ಬಿಳಿ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೆ. ಭಯವಿದ್ದರೆ ಜನ ನಿಜ ಹೇಳುವುದಿಲ್ಲ ಅಂತ ದೊಡ್ಡ ಭಾಷಣ ಬೇರೆ ಬಿಗಿದಿದ್ದೆ.

ಇವತ್ತು ಆ ಹಲಗೆಯ ಕೆಳಗೇ ನಿಂತು ಓದಿದೆ. "ಪ್ರೈಮರಿಗೆ ಕರೆ ಹೋಯಿತು, ಸ್ವೀಕರಿಸಲಿಲ್ಲ. ಸೆಕೆಂಡರಿಗೆ ಹೋಯಿತು, ಸ್ವೀಕರಿಸಲಿಲ್ಲ."

ಮ್ಯಾನೇಜರು ಪೆನ್ನು ತಿರುಗಿಸುತ್ತ, "ಪ್ರೈಮರಿ ಮಿಸ್ ಆಗುತ್ತೆ, ಸಹಜ. ಅದಕ್ಕೇ ತಾನೇ ಸೆಕೆಂಡರಿ ಇರೋದು? ಅಲ್ಲಿ ಏನಾಯ್ತು?" ಅಂದರು. ಹೆಸರು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಸೆಕೆಂಡರಿ ಯಾರು ಅಂತ ಕ್ಯಾಂಟೀನಿನವರಿಗೂ ಗೊತ್ತು. ಎಲ್ಲರೂ ಸ್ವೆಟರಿನ ಕಡೆ ತಿರುಗಿದರು. ಆ ವಾರದ ಪ್ರೈಮರಿ ಯಾರು ಅಂತ ಒಬ್ಬರಿಗೂ ನೆನಪಿರಲಿಲ್ಲ.

ದೊಡ್ಡಪ್ಪ ಕನ್ನಡಕ ತೆಗೆದು ದಾರದಲ್ಲಿ ಇಳಿಬಿಟ್ಟರು. "ಫೋನ್ ಹೊಡೀತು. ನನಗೆ ಕೇಳಿಸ್ತು. ಇದು ನನ್ನ ಕಿವೀದೇ ಸದ್ದು ಅನ್ಕೊಂಡೆ. ಎದ್ದು ನೋಡಬಾರದು, ನೋಡದೇ ಇರೋದನ್ನ ಅಭ್ಯಾಸ ಮಾಡ್ಕೊಳ್ಳಿ ಅಂತ ಡಾಕ್ಟ್ರು ಹೇಳಿದ್ರು. ಸುಮ್ನೆ ಕೂತಿದ್ದೆ."

ಯಾರಿಗೂ ಅರ್ಥವಾಗಲಿಲ್ಲ. ಯಾರೋ ಒಬ್ಬರು ಕೆಮ್ಮಿ ನಗು ನುಂಗಿಕೊಂಡರು. ನನಗೆ ಮಾತ್ರ ಅರ್ಥವಾಯಿತು. "ಇವರು ಹತ್ತು ದಿನ ಮುಂಚೆಯೇ ಹೆಸರು ತೆಗಿ ಅಂತ ಕೇಳಿದ್ದರು, ನಾನೇ ತೆಗೆಯಲಿಲ್ಲ. ಆವತ್ತು ಪ್ರೈಮರಿಯೂ ನಾನೇ, ಊಟ ಮಾಡುತ್ತಿದ್ದೆ." ಎರಡೇ ವಾಕ್ಯ. ನಾಲಿಗೆಯ ತುದಿಗೆ ಬಂದವು. ಹೆಸರು ಹೇಳಬಾರದು ಅನ್ನುವ ನಿಯಮ ಇದೆಯಲ್ಲ ಅಂತ ನನಗೆ ನಾನೇ ಹೇಳಿಕೊಂಡು ಮುಂದಿನ ಪುಟಕ್ಕೆ ಹೋದೆ.

ಅವರು ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆನೇನೋ.

ಏಪ್ರಿಲ್ ೪, ಶುಕ್ರವಾರ

ದೊಡ್ಡಪ್ಪನನ್ನು ದಾಖಲೆ ಬರೆಯುವ ಕೆಲಸಕ್ಕೆ ಹಾಕಿದ್ದಾರೆ. "ಅವರಿಗೂ ಸ್ವಲ್ಪ ರೆಸ್ಟ್ ಸಿಗ್ಲಿ" ಅಂದರು ಮ್ಯಾನೇಜರು, ಬಹಳ ಮೆತ್ತಗೆ. ಕುರ್ಚಿ ಕಿಟಕಿಯ ಹತ್ತಿರಕ್ಕೆ ಹೋಯಿತು. ಇಷ್ಟು ವರ್ಷ ಸಿಸ್ಟಮ್ಮನ್ನು ಕೈಯಾರೆ ಕಟ್ಟಿದವರು ಈಗ ಯಾವ ಬಟನ್ ಒತ್ತಿದರೆ ಏನಾಗುತ್ತದೆ ಅಂತ ಬರೆಯುತ್ತ ಕೂತಿದ್ದಾರೆ.

ಸೆಕೆಂಡರಿ ಪಟ್ಟಿಯಲ್ಲಿ ಹೆಸರು ಮಾತ್ರ ಹಾಗೇ ಇದೆ. ಬೇರೆ ಏರ್ಪಾಡು ಆಗುವವರೆಗೆ ಇರಲಿ ಅಂತ ತೀರ್ಮಾನವಾಯಿತು. ತೀರ್ಮಾನ ಮಾಡಿದವರಲ್ಲಿ ನಾನೂ ಇದ್ದೆ.

ಏಪ್ರಿಲ್ ೧೧, ಶುಕ್ರವಾರ

ರಾಜೀನಾಮೆ ಕೊಟ್ಟರು. ನನಗೆ ಹೇಳಿದ್ದು ಮ್ಯಾನೇಜರು.

ಏಪ್ರಿಲ್ ೩೦, ಬುಧವಾರ

ಕೇಕ್ ಕತ್ತರಿಸಿದೆವು. ಕೇಕಿನ ಮೇಲೂ "ದೊಡ್ಡಪ್ಪ" ಅಂತಲೇ ಬರೆಸಿದ್ದರು. ಮ್ಯಾನೇಜರು ಒಳ್ಳೆಯ ಮಾತಾಡಿದರು, ನನಗೂ ಮಾತಾಡು ಅಂದರು. ನಾನು ಫ್ಲಾಸ್ಕಿನ ಬಗ್ಗೆ, ಸ್ವೆಟರಿನ ಬಗ್ಗೆ ಹೇಳಿ ಎಲ್ಲರನ್ನೂ ನಗಿಸಿದೆ. ನಗಿಸುವುದು ನನಗೆ ಬಾಯಿಗೆ ಬಂದ ವಿದ್ಯೆ. ಬೇಕಾದ ಮಾತು ಬರುವುದಿಲ್ಲ.

ಸಾಮಾನಿನ ಡಬ್ಬ ಹಿಡಿದುಕೊಂಡು ಕೆಳಗಿನವರೆಗೆ ಜೊತೆಗೆ ಹೋದೆ. ಲಿಫ್ಟ್ ಬೇಡ ಅಂದರು, ಅದರ ಸದ್ದು ಅವರಿಗೆ ಆಗಿಬರುವುದಿಲ್ಲವಂತೆ. ಮೆಟ್ಟಿಲಿಳಿಯುತ್ತ ಹೇಳಿದರು, ಭಾವಮೈದನ ಸೈಕಲ್ ಅಂಗಡಿಗೆ ಸೇರುತ್ತಾರಂತೆ.

"ಅಲ್ಲೂ ಬೆಲ್ಲೇ ಅಲ್ವಾ ದೊಡ್ಡಪ್ಪ?"

"ಸೈಕಲ್ ಬೆಲ್ಲಿಗೆ ಎದ್ದು ಓಡ್ಬೇಕಿಲ್ಲ ತಾಯಿ. ಪಕ್ಕಕ್ಕೆ ಸರಿದ್ರೆ ಆಯ್ತು."

ಗೇಟಿನ ಹತ್ತಿರ ಡಬ್ಬ ಇಸಿದುಕೊಂಡು, ಏನೋ ನೆನಪಾದವರ ಹಾಗೆ ಕೇಳಿದರು. "ಆವತ್ತು ನಿನ್ನ ನಾದಿನಿ ಬಂದಿದ್ರಲ್ಲ. ಊಟ ಎಲ್ಲ ಚೆನ್ನಾಗಾಯ್ತಾ?"

ಚುಚ್ಚಿ ಕೇಳಿದ್ದಲ್ಲ. ಅವರಿಗೆ ಚುಚ್ಚಲು ಬರುವುದಿಲ್ಲ. ನಿಜವಾಗಿಯೂ ತಿಳಿದುಕೊಳ್ಳುವುದಕ್ಕೇ ಕೇಳಿದರು. ನಾನು "ಹೂಂ" ಅಂದೆ. ಅವರು "ಒಳ್ಳೇದಾಯ್ತು" ಅಂದು ರಸ್ತೆ ದಾಟಿದರು.

ಆಗಲೂ ಹೇಳಬಹುದಿತ್ತು. ರಸ್ತೆ ದಾಟುವವರೆಗೂ ಹೊತ್ತಿತ್ತು.

ಮೇ ೪, ಭಾನುವಾರ

ಸೆಕೆಂಡರಿಯಿಂದ ಅವರ ನಂಬರ್ ತೆಗೆಯಬೇಕು. ನನ್ನ ಕೆಲಸ ಅದು. ಇವತ್ತು ಪಟ್ಟಿ ತೆರೆದೆ, ಆ ಹೆಸರು ನೋಡಿದೆ, ಮುಚ್ಚಿದೆ. ಅದು ಅಲ್ಲಿದ್ದರೆ ಒಂದು ಧೈರ್ಯ. ಹೇಗೂ ಈಗೀಗ ನಾನು ಎರಡನೆಯವರವರೆಗೆ ಹೋಗಲು ಬಿಡುವುದೇ ಇಲ್ಲ, ಮೊದಲ ಸದ್ದಿಗೇ ಎತ್ತುತ್ತೇನೆ. ಫೋನ್ ಊಟದ ತಟ್ಟೆಯ ಪಕ್ಕದಲ್ಲೇ ಇರುತ್ತದೆ. "ಕೂಸಿಗೂ ಒಂದು ತಟ್ಟೆ ಹಾಕ್ಲಾ?" ಅನ್ನುತ್ತಾರೆ ಅತ್ತೆ.

ನಾಳೆ ತೆಗೆಯುತ್ತೇನೆ.

ಮೇ ೧೮, ಭಾನುವಾರ

ತೆಗೆದಿರಲಿಲ್ಲ.

ಬೆಳಗ್ಗೆ ಸ್ನಾನಕ್ಕೆ ಹೋಗಿದ್ದೆ. ಫೋನ್ ಚಾರ್ಜಿಗೆ ಹಾಕಿತ್ತು. ಇವರು ಪೇಟೆಗೆ ಹೋಗಿದ್ದರು, ಅತ್ತೆ ಟೆರೇಸಿನಲ್ಲಿ ಬಟ್ಟೆ ಹರವುತ್ತಿದ್ದರು. ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರೆ ಫೋನ್ ರಿಂಗಾಗುತ್ತಿದೆ. ಅಲರ್ಟಿನ ಸದ್ದಲ್ಲ, ಮಾಮೂಲಿ ರಿಂಗು. ದೊಡ್ಡಪ್ಪ.

"ತಾಯಿ, ಫೋನ್ ಎಲ್ಲಿಟ್ಟಿದ್ದೆ? ಸರ್ವರ್ ಡಿಸ್ಕ್ ತುಂಬ್ತಾ ಇದೆಯಂತೆ, ಬೇಗ ನೋಡು. ನಾನೇ ನೋಡೋಣ ಅಂದ್ರೆ ನನ್ನ ಐಡಿ ಮುಚ್ಚಿದಾರೆ, ಒಳಗೆ ಹೋಗೋಕಾಗ್ತಿಲ್ಲ."

"ನಿಮಗೆ ಬಂತಾ?"

"ಬಂತು. ನಾನು ಎದ್ದು ನೋಡ್ಲಿಲ್ಲ, ಮತ್ತೆ ಕಿವೀದೇ ಶುರುವಾಯ್ತು ಅಂತ ಸುಮ್ನೆ ಕೂತಿದ್ದೆ. ಅಂಗಡಿಗೆ ತಿಂಡಿ ತಂದಿದ್ದ ಇವಳೇ ಫೋನ್ ತಂದು ಕೈಗಿಟ್ಟು, ‘ಈ ಸಲ ನಿಜವಾಗ್ಲೂ ಹೊಡೀತಿದೆರೀ’ ಅಂದ್ಳು." ಆಮೇಲೆ, "ಎರಡು ವಾರದಿಂದ ಕಿವಿ ಸುಮ್ಮನಿತ್ತು ತಾಯಿ" ಅಂದರು.

ದೂರಿನ ದನಿಯಲ್ಲ. ಸುದ್ದಿ ಹೇಳುವ ಹಾಗೆ ಹೇಳಿದರು. ಹಿಂದೆ ಯಾರೋ ಟಯರಿಗೆ ಗಾಳಿ ಹೊಡೆಯುತ್ತಿದ್ದ ಸದ್ದು ಕೇಳುತ್ತಿತ್ತು.

ಒದ್ದೆ ತಲೆಯಲ್ಲೇ ಕೂತು ಸರಿಮಾಡಿದೆ. ಆಮೇಲೆ ಪಟ್ಟಿ ತೆರೆದು ಅವರ ನಂಬರ್ ಅಳಿಸಿದೆ. ಎರಡನೇ ಹೆಸರಿಲ್ಲದೆ ಉಳಿಸಲು ಬರುವುದಿಲ್ಲ ಅಂತು ಸ್ಕ್ರೀನು. ಅಲ್ಲೂ ನನ್ನ ನಂಬರನ್ನೇ ತುಂಬಿದೆ. ಇಷ್ಟು ಮಾಡಲು ಒಂದು ನಿಮಿಷವೂ ಹಿಡಿಯಲಿಲ್ಲ. ಮಾರ್ಚಿನಲ್ಲಿ ಅವರು ಡಬ್ಬಿ ತೆರೆಯದೆ ಕೂತಿದ್ದಾಗ, ಅಲ್ಲೇ, ಅವರ ಕಣ್ಣೆದುರಿಗೇ ಮಾಡಬಹುದಿತ್ತು.

ಅತ್ತೆ ಕೆಳಗಿಳಿದು ಬಂದು ನನ್ನ ಮುಖ ನೋಡಿದರು. ಟವೆಲ್ ತಗೊಂಡು ತಲೆ ಒರೆಸತೊಡಗಿದರು. ಅಳು ಬಂತು. ತಲೆ ಬಗ್ಗಿಸಿಕೊಂಡೇ ಇದ್ದೆ.

ಮೇ ೧೯, ಸೋಮವಾರ

ಮ್ಯಾನೇಜರ ಕೋಣೆಗೆ ಹೋಗಿ ಹೇಳಿದೆ. ಆವತ್ತಿನ ಪ್ರೈಮರಿ ನಾನು. ನೋಡಿಯೂ ಎತ್ತಲಿಲ್ಲ. ದೊಡ್ಡಪ್ಪ ಹೆಸರು ತೆಗೆಯಲು ಮುಂಚೆಯೇ ಕೇಳಿದ್ದರು.

ಅವರು ಬಾಗಿಲ ಕಡೆ ಒಮ್ಮೆ ನೋಡಿ, "ಈಗ ಯಾಕೆ ಇದೆಲ್ಲ? ನಮ್ಮ ರೂಲ್ ಏನು? ಹೆಸರು ಬೇಡ. ನೀವೇ ಬರೆದಿದ್ದಲ್ವಾ?" ಅಂದರು.

"ಅವರ ಹೆಸರೇನೋ ಎಲ್ಲರಿಗೂ ಗೊತ್ತಾಯ್ತಲ್ಲ ಸರ್."

"ನಾವಂತೂ ಎಲ್ಲೂ ಬರೀಲಿಲ್ಲ" ಅಂದರು. ನಿಜವೇ, ಎಲ್ಲೂ ಬರೆದಿಲ್ಲ. ಈ ಮಾತು ಇಲ್ಲಿಗೇ ಬಿಡೋಣ, ತಂಡದ ಉತ್ಸಾಹ ಕುಗ್ಗುತ್ತದೆ ಅಂತ ನನ್ನನ್ನು ಮೆತ್ತಗೆ ಸಾಗಹಾಕಿದರು.

ಸೆಕೆಂಡರಿ ಪಾಳಿ ವಾರ ವಾರ ಬದಲಾಗಬೇಕು ಅಂತ ಹಟ ಹಿಡಿದೆ. ಅದಕ್ಕೆ ಒಪ್ಪಿದರು. ಹೊಸಬರಿಗೆ ಕಲಿಸುವವರೆಗೆ ಮೊದಲ ಕೆಲವು ವಾರ ನನ್ನ ಹೆಸರೇ ಇರಲಿ ಅಂದೆ. ಅದು ಅವರಿಗೆ ಇನ್ನೂ ಚೆನ್ನಾಗಿ ಒಪ್ಪಿಗೆಯಾಯಿತು.

ಮೇ ೨೭, ಮಂಗಳವಾರ

ಕುಕ್ಕರ್ ಕೂಗಿತು, ಫೋನ್ ಅಂದುಕೊಂಡು ಓಡಿದೆ. ಅತ್ತೆ ನಕ್ಕರು. ನಾನೂ ನಕ್ಕೆ.

ದೊಡ್ಡಪ್ಪನಿಗೆ ಫೋನ್ ಮಾಡಬೇಕು. ಕ್ಷಮೆ ಕೇಳಬೇಕು. ಮ್ಯಾನೇಜರಿಗೆ ಹೇಳಿದ್ದು ಹೇಳಿದಂತಾಗಲಿಲ್ಲ, ಹೇಳಬೇಕಾದವರು ಇವರು. ಹೇಗೆ ಶುರುಮಾಡುವುದು ಅಂತ ತಿಳಿಯುತ್ತಿಲ್ಲ. ತಮಾಷೆ ಮಾಡದೆ ಅವರ ಹತ್ತಿರ ಮಾತಾಡಿ ನನಗೆ ಅಭ್ಯಾಸವಿಲ್ಲ.

ಜೂನ್ ೧, ಭಾನುವಾರ

ರಾತ್ರಿ ಊಟವಾದ ಮೇಲೆ ಗಟ್ಟಿ ಮನಸ್ಸು ಮಾಡಿ ಟೆರೇಸಿಗೆ ಹೋದೆ. ಹೇಳಬೇಕಾದ ಮಾತನ್ನು ಎರಡು ಸಲ ಬಾಯಿಪಾಠ ಮಾಡಿಕೊಂಡೆ. "ದೊಡ್ಡಪ್ಪ, ಆವತ್ತು ನಾನು ನೋಡಿಯೂ ಎತ್ತಲಿಲ್ಲ. ನೀವು ಕೇಳಿದಾಗಲೇ ಹೆಸರು ತೆಗೀಬೇಕಿತ್ತು. ಮೀಟಿಂಗಲ್ಲಿ ಬಾಯಿ ಬಿಡಬೇಕಿತ್ತು. ತಪ್ಪಾಯ್ತು." ಇಷ್ಟೇ. ನಗಿಸುವುದು ಬೇಡ, ಸುತ್ತುಬಳಸುವುದು ಬೇಡ.

ಫೋನ್ ಹೊಡೆಯಿತು, ಹೊಡೆಯಿತು. ಅವರು ಎತ್ತಲಿಲ್ಲ.

ಇಷ್ಟು ವರ್ಷದಲ್ಲಿ ನನ್ನ ಫೋನನ್ನು ಅವರು ಎತ್ತದೇ ಇದ್ದದ್ದು ಇಲ್ಲ. ಮೊದಲು ಗಾಬರಿಯಾಯಿತು. ಕೋಪ ಬಂದಿದೆಯೇನೋ ಅಂದುಕೊಂಡೆ, ಬಂದರೆ ತಪ್ಪೇನು ಅಂತಲೂ ಅಂದುಕೊಂಡೆ. ಮತ್ತೆ ಮಾಡಲು ಬೆರಳಿಟ್ಟಿದ್ದೆ, ಅಷ್ಟರಲ್ಲಿ ಅವರ ನಂಬರಿನಿಂದಲೇ ಮೆಸೇಜು ಬಂತು. ಬರೆದವರು ಅವರ ಹೆಂಡತಿ.

"ನಾನಮ್ಮ, ಅವರ ಮನೆಯವಳು. ಮಲಗಿದಾರೆ. ಫೋನ್ ಹೊರಗೆ ಇಟ್ಟು ಮಲಗೋದು ಇವತ್ತೇ ಶುರು ಮಾಡಿದ್ದು. ಮೂರು ಸಲ ಕರೆದ್ರೂ ಏಳ್ಲಿಲ್ಲ, ಅಂಥ ನಿದ್ದೆ. ಆಫೀಸಿಂದ ಏನಾದ್ರೂ ತೊಂದ್ರೆನಾ? ಅಲ್ಲಾಡಿಸಿ ಎಬ್ಬಿಸ್ಲಾ?"

ಅದನ್ನು ಮತ್ತೊಮ್ಮೆ ಓದಿದೆ. ಕೆಳಗೆ ಎಲ್ಲೋ ನನ್ನ ಅಲರ್ಟು ಕೂಗಿದ ಹಾಗಾಯಿತು. ಫೋನ್ ಕೈಯಲ್ಲೇ ಇತ್ತು, ಏನೂ ಬಂದಿರಲಿಲ್ಲ.

ಬರೆದೆ: "ಬೇಡ ಅಕ್ಕಾ, ಮಲಗಲಿ. ಅರ್ಜೆಂಟೇನಿಲ್ಲ."